ಮಾರಾಟ ಕಡಿಮೆಯಾದರೆ ಆಟ ಸೋತಂತೆಯೇ?

ಹಳೇ ಗೇಮ್ ಸರಣಿಗಳ ಬಗ್ಗೆ ಒಂದು ಫಾರ್ವರ್ಡ್ ಆಗಾಗ ಬರುತ್ತಿರುತ್ತದೆ. ಎರಡು ಮಾರಾಟದ ಅಂಕಿ, ಕೆಳಗೆ ಒಂದು ಸಾಲು: ಜನರಿಗೆ ಈ ಸರಣಿ ಸಾಕಾಗಿದೆ. ಅಂಕಿ ಬಹಳ ಸಲ ಸರಿಯೇ ಇರುತ್ತದೆ. ತಪ್ಪಿರುವುದು ಹೋಲಿಕೆಯಲ್ಲಿ.

ನಿಂಟೆಂಡೊ ಕಂಪನಿಯ ರೇಸಿಂಗ್ ಆಟಗಳ ಸರಣಿ ಮಾರಿಯೋ ಕಾರ್ಟ್ ನೋಡಿ. ವೀ ಅನ್ನೋ ಕನ್ಸೋಲ್‌ಗೆ (ಟಿವಿಗೆ ಜೋಡಿಸಿ ಗೇಮ್ ಆಡುವ ಯಂತ್ರ) 2008ರಲ್ಲಿ ಬಂದ 'ಮಾರಿಯೋ ಕಾರ್ಟ್ ವೀ' ಸುಮಾರು 3.7 ಕೋಟಿ ಪ್ರತಿ ಮಾರಾಟವಾಯಿತು. 2014ರಲ್ಲಿ ವೀ ಯು ಕನ್ಸೋಲ್‌ಗೆ ಬಂದ 'ಮಾರಿಯೋ ಕಾರ್ಟ್ 8' ಸುಮಾರು 84 ಲಕ್ಷ. ದೊಡ್ಡ ಕುಸಿತ, ಅಲ್ವಾ? ಆದರೆ ವೀ ಕನ್ಸೋಲ್ ಮಾರಾಟವಾದದ್ದು 10 ಕೋಟಿಗೂ ಜಾಸ್ತಿ, ವೀ ಯು ಬರೀ 1.35 ಕೋಟಿ. ಲೆಕ್ಕ ಹಾಕಿದರೆ ನೂರು ವೀ ಕನ್ಸೋಲ್‌ಗೆ ಸುಮಾರು 37 ಪ್ರತಿ, ನೂರು ವೀ ಯುಗೆ ಸುಮಾರು 62. ಸೋತದ್ದು ಕನ್ಸೋಲ್, ಆಟವಲ್ಲ. ಅದೇ ಆಟ 2017ರಲ್ಲಿ ಸ್ವಲ್ಪ ಹೊಸ ಸೇರ್ಪಡೆಗಳೊಂದಿಗೆ ಸ್ವಿಚ್ ಅನ್ನೋ ಮುಂದಿನ ಕನ್ಸೋಲ್‌ಗೆ ಬಂತು. 6 ಕೋಟಿ ದಾಟಿತು!

ಇಂಥ ಮೆಸೇಜ್ ಬಂದಾಗ ಮೊದಲು ನೋಡಬೇಕಾದ್ದು ಆ ಕನ್ಸೋಲ್ ಎಷ್ಟು ಮನೆಗಳಲ್ಲಿತ್ತು ಅನ್ನೋದು. ದೊಡ್ಡ ಗೇಮ್ ಕಂಪನಿಗಳು ಹೂಡಿಕೆದಾರರಿಗಾಗಿ ಇಡುವ ಪುಟಗಳಲ್ಲಿ ಇಂಥ ಲೆಕ್ಕ ಸಿಗುತ್ತದೆ. ಆಮೇಲೆ ಆ ಅಂಕಿ ಯಾವ ದಿನಾಂಕದವರೆಗಿನದು, ಅಂಗಡಿಗೆ ಕಳಿಸಿದ ಪ್ರತಿಗಳದ್ದೋ ಜನ ಕೊಂಡದ್ದೋ ನೋಡಿ. ಕನ್ಸೋಲ್ ಜೊತೆಗೇ ಕೊಟ್ಟ ಪ್ರತಿಗಳೂ ಸೇರಿರಬಹುದು. 1985ರ 'ಸೂಪರ್ ಮಾರಿಯೋ ಬ್ರದರ್ಸ್'ನ 4 ಕೋಟಿಯಲ್ಲಿ ಅಂಥವು ಬೇಕಾದಷ್ಟಿವೆ. ಹಂಚಿದವರದ್ದೇನೂ ದೊಡ್ಡ ತಪ್ಪಲ್ಲ. ಎರಡೇ ಅಂಕಿ ಎದುರಿಗಿದ್ದರೆ ಯಾರಿಗಾದರೂ ಹಾಗೇ ಅನಿಸುತ್ತದೆ. ಸುಮ್ನೆ ಮೂರನೆಯದನ್ನೂ, ಅಂದರೆ ಕನ್ಸೋಲ್ ಎಷ್ಟು ಮಾರಾಟವಾಯಿತು ಅನ್ನೋದನ್ನೂ, ಹುಡುಕಿ ಕಳಿಸಿಬಿಡಿ.