ಮನುಷ್ಯ ಬೇಟೆ ಮತ್ತು ಆ ನಾಲ್ಕು ಜನ

ಮನುಷ್ಯರನ್ನು ಬೇಟೆಯಾಡುವ ಕತೆ ಅಂದ ತಕ್ಷಣ ಓದುವ ಹುಚ್ಚಿರುವವರು ಹೇಳುವುದು ಒಂದೇ ಹೆಸರು. 1924ರಲ್ಲಿ ಅಮೆರಿಕದ ರಿಚರ್ಡ್ ಕಾನೆಲ್ ಬರೆದ ‘ದ ಮೋಸ್ಟ್ ಡೇಂಜರಸ್ ಗೇಮ್’. ನೂರು ವರ್ಷ ದಾಟಿದೆ, ಅಲ್ಲಿನ ಶಾಲೆಗಳಲ್ಲಿ ಈಗಲೂ ಪಾಠ ಮಾಡುತ್ತಾರೆ. ಇದೇ ಎಳೆ ಹಿಡಿದು ಬಂದ ಸಿನಿಮಾಗಳಿಗೆ ಲೆಕ್ಕವಿಲ್ಲ. ಮೊದಲನೆಯದು 1932ರಲ್ಲಿ ಬಂತು. ‘ಕಿಂಗ್ ಕಾಂಗ್’ ತೆಗೆದ ಕಾಡಿನ ಸೆಟ್‌ನಲ್ಲೇ ಅದನ್ನೂ ತೆಗೆದಿದ್ದರು. ಹಗಲು ಒಂದು ಚಿತ್ರ, ರಾತ್ರಿ ಇನ್ನೊಂದು.

ಕತೆ ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳುತ್ತೇನೆ. ರೇನ್ಸ್‌ಫರ್ಡ್ ಒಬ್ಬ ಹೆಸರಾಂತ ಷಿಕಾರಿ. ಹಡಗಿನಿಂದ ಕೆರಿಬಿಯನ್ ಸಮುದ್ರಕ್ಕೆ ಬಿದ್ದು, ಈಜಿ, ಒಂದು ದ್ವೀಪ ಸೇರುತ್ತಾನೆ. ಅಲ್ಲಿ ಜರಾಫ್ ಎಂಬ ರಷ್ಯದ ಮಾಜಿ ಜನರಲ್‌ನ ದೊಡ್ಡ ಬಂಗಲೆ. ಒಳ್ಳೆಯ ಬಟ್ಟೆ ಕೊಡುತ್ತಾನೆ, ಒಳ್ಳೆಯ ಊಟ ಹಾಕುತ್ತಾನೆ, ಆಮೇಲೆ ತನ್ನ ಹವ್ಯಾಸ ಹೇಳುತ್ತಾನೆ. ಪ್ರಾಣಿಗಳನ್ನು ಕೊಂದು ಬೇಜಾರಾಗಿ ಈಗ ಮನುಷ್ಯರ ಬೇಟೆ ಶುರು ಮಾಡಿದ್ದಾನೆ. ರೇನ್ಸ್‌ಫರ್ಡ್ ಅದರಲ್ಲಿ ಜೊತೆಯಾಗಲು ಒಪ್ಪುವುದಿಲ್ಲ. ಹಾಗಾದರೆ ನೀನೇ ಬೇಟೆ ಅನ್ನುತ್ತಾನೆ ಜನರಲ್. ಮೂರು ದಿನ ಬದುಕಿ ಉಳಿದರೆ ಬಿಡುಗಡೆ.

ಚೆನ್ನಾಗಿರುವ ಕತೆಯೇ. ಒಂದೇ ಉಸಿರಿನಲ್ಲಿ ಓದಿಸಿಕೊಳ್ಳುತ್ತದೆ. ನನ್ನ ತಕರಾರು ಬೇರೆ. ಅದು ನಮ್ಮನ್ನು ತುಂಬಾ ಸುಲಭವಾಗಿ ಬಿಟ್ಟುಬಿಡುತ್ತದೆ. ಕೊಲ್ಲುವವನು ಒಬ್ಬ ತಿಕ್ಕಲ. ಅವನಿಗೆ ದುಡ್ಡಿದೆ, ದ್ವೀಪವಿದೆ, ಬೇಟೆನಾಯಿಗಳಿವೆ. ಅಕ್ಕಪಕ್ಕದವರು ಅಂತ ಯಾರೂ ಇಲ್ಲ. ಓದಿ ಮುಗಿಸಿದವರು ‘ಅಬ್ಬಾ, ಇಂಥವರೂ ಇರ್ತಾರಲ್ಲ’ ಎಂದು ಪುಸ್ತಕ ಮುಚ್ಚಿ ಮಲಗಬಹುದು. ಮನುಷ್ಯರನ್ನು ಬೆನ್ನಟ್ಟಿ ಕೊಲ್ಲುವುದು ಏಕಾಂಗಿ ಹುಚ್ಚನ ಕೆಲಸ ಅನ್ನುವ ಸಮಾಧಾನ ಸಿಗುತ್ತದೆ. ನಿಜವಾಗಿ ನಡೆದ ಬೇಟೆಗಳು ಹಾಗಿರಲಿಲ್ಲ.

ಕಾನೆಲ್‌ಗೆ ಇದು ಗೊತ್ತಿರಲಿಲ್ಲ ಅಂತಲ್ಲ. ಊಟದ ಹೊತ್ತಿನ ಮಾತಿನಲ್ಲಿ ಜರಾಫ್ ಒಂದು ಚುಚ್ಚು ಮಾತು ಹಾಕುತ್ತಾನೆ: ನೀನು ಯುದ್ಧಕ್ಕೆ ಹೋಗಿ ಬಂದವನಲ್ವಾ, ಇಷ್ಟಕ್ಕೆಲ್ಲ ಬೆಚ್ಚುವುದೇಕೆ? ಮೊದಲ ಮಹಾಯುದ್ಧ ಮುಗಿದು ಆಗ ಬರೀ ಆರು ವರ್ಷ. ಸಮವಸ್ತ್ರ ಹಾಕಿಕೊಂಡು ಮನುಷ್ಯರಿಗೆ ಗುರಿ ಇಟ್ಟವರು ಓದುಗರ ನಡುವೆಯೇ ಇದ್ದರು. ಕತೆ ಈ ಬಾಗಿಲನ್ನು ಅರ್ಧ ತೆರೆದು ತಕ್ಷಣ ಮುಚ್ಚಿಬಿಡುತ್ತದೆ.

ಇನ್ನೊಂದು ವಿಷಯ ಯಾರೂ ಎತ್ತುವುದಿಲ್ಲ. ತಾನು ಬೇಟೆಯಾಡುವವರ ಪಟ್ಟಿ ಕೊಡುವಾಗ ಜರಾಫ್ ಹಡಗಿನ ಕೂಲಿಗಳ ಹೆಸರು ಹೇಳುತ್ತಾನೆ. ಅದರಲ್ಲಿ ಲಸ್ಕರರು ಮೊದಲು. ಲಸ್ಕರರೆಂದರೆ ಬ್ರಿಟಿಷ್ ಹಡಗುಗಳಲ್ಲಿ ಕಲ್ಲಿದ್ದಲು ಎತ್ತುತ್ತಾ, ಡೆಕ್ ತೊಳೆಯುತ್ತಾ ದುಡಿದ ನಮ್ಮ ಕಡೆಯವರು. ಸಿಲ್ಹೆಟ್, ಕೊಂಕಣ, ಗುಜರಾತಿನ ಕಡೆಯಿಂದ ಹತ್ತಾರು ಸಾವಿರ ಜನ ಹೀಗೆ ಹೋಗಿದ್ದರು. ಇಂಥ ಇಪ್ಪತ್ತು ಜನಕ್ಕಿಂತ ಒಂದು ಒಳ್ಳೆಯ ತಳಿಯ ಕುದುರೆ ಮೇಲು ಅನ್ನುತ್ತಾನೆ ಜನರಲ್. ಮುಂದಿನ ಬೇಟೆಗೆಂದು ಕೆಲವು ನಾವಿಕರನ್ನು ನೆಲಮಾಳಿಗೆಯಲ್ಲಿ ಕೂಡಿಹಾಕಿರುತ್ತಾನೆ ಕೂಡ. ಕತೆಯ ಕೊನೆಯಲ್ಲಿ ರೇನ್ಸ್‌ಫರ್ಡ್ ಗೆಲ್ಲುತ್ತಾನೆ, ಜನರಲ್‌ನ ಹಾಸಿಗೆಯಲ್ಲೇ ಸುಖವಾಗಿ ನಿದ್ದೆ ಹೋಗುತ್ತಾನೆ. ನೆಲಮಾಳಿಗೆಯವರ ಗತಿ ಏನಾಯ್ತು? ಕತೆ ಹೇಳುವುದಿಲ್ಲ. ಓದಿದವರೂ ಕೇಳುವುದಿಲ್ಲ. ನಾಯಕ ಉಳಿದ, ಅಷ್ಟೇ ಸಾಕು. ಯಾರ ಜೀವಕ್ಕೆ ಬೆಲೆ, ಯಾರದಕ್ಕಿಲ್ಲ ಎಂಬ ಜರಾಫ್‌ನ ಲೆಕ್ಕಕ್ಕೆ ನಾವೂ ಸುಮ್ನೆ ತಲೆಯಾಡಿಸಿ ಎದ್ದು ಹೋಗುತ್ತೇವೆ.

ಇದಕ್ಕಿಂತ ನನಗೆ ಜಾಸ್ತಿ ಭಯ ಹುಟ್ಟಿಸಿದ ಕತೆ ಇನ್ನೊಂದಿದೆ. ರಾಬರ್ಟ್ ಶೆಕ್ಲಿ ಎಂಬಾತ 1953ರಲ್ಲಿ ಬರೆದ ‘ಸೆವೆಂತ್ ವಿಕ್ಟಿಮ್’. ಅದರಲ್ಲಿ ರಕ್ತದ ವಾಸನೆಯೇ ಇಲ್ಲ. ಕಾಗದ ಪತ್ರದ ವಾಸನೆ ಇದೆ. ದೊಡ್ಡ ಯುದ್ಧಗಳು ಮುಗಿದ ಮೇಲೆ ಸರ್ಕಾರವೇ ಒಂದು ಏರ್ಪಾಡು ಮಾಡಿದೆ. ಕೊಲ್ಲುವ ಆಸೆ ಇದ್ದವರು ಇಲಾಖೆಯಲ್ಲಿ ಹೆಸರು ನೋಂದಾಯಿಸಬಹುದು. ಒಂದು ಸಲ ಬೇಟೆಗಾರ, ಮುಂದಿನ ಸಲ ಬೇಟೆ. ಯಾರ ಮೇಲೂ ಬಲವಂತವಿಲ್ಲ. ಹತ್ತು ಕೊಲೆ ಪೂರೈಸಿದವರಿಗೆ ಒಂದು ಕ್ಲಬ್‌ನ ಸದಸ್ಯತ್ವ, ಸಮಾಜದಲ್ಲಿ ಮರ್ಯಾದೆ.

ಕತೆಯ ನಾಯಕ ಫ್ರಿಲೇನ್ ಸಾಧಾರಣ ವ್ಯಾಪಾರಿ. ಆರು ಮುಗಿಸಿದ್ದಾನೆ. ಏಳನೆಯ ಲಕೋಟೆ ಬರುತ್ತದೆ. ತೆರೆದು ನೋಡಿದರೆ ಒಬ್ಬ ಹೆಂಗಸಿನ ಹೆಸರು. ಅವನಿಗೆ ಇರುಸುಮುರುಸಾಗುತ್ತದೆ. ಇಲಾಖೆಗೆ ಫೋನ್ ಮಾಡಿ ಕೇಳುತ್ತಾನೆ. ಎಲ್ಲ ಸರಿಯಾಗಿಯೇ ಇದೆ, ಅವರೂ ನಿಯಮದ ಪ್ರಕಾರವೇ ಸೇರಿದ್ದಾರೆ ಎಂಬ ಉತ್ತರ ಬರುತ್ತದೆ. ಹೊರಟುಬಿಡುತ್ತಾನೆ. ಹೋಗಿ ನೋಡಿದರೆ ಆಕೆ ಬಚ್ಚಿಟ್ಟುಕೊಂಡೇ ಇಲ್ಲ, ಬಯಲಿನ ಕೆಫೆಯಲ್ಲಿ ಸುಮ್ಮನೆ ಕೂತಿದ್ದಾಳೆ. ಅವನಿಗೆ ಗುಂಡು ಹಾರಿಸಲು ಮನಸ್ಸು ಬರುವುದಿಲ್ಲ. ಮಾತಾಡಿಸುತ್ತಾನೆ, ಇಷ್ಟವಾಗುತ್ತಾಳೆ.

ಈ ಜಾಗವೇ ನನ್ನನ್ನು ಹಿಡಿದು ನಿಲ್ಲಿಸಿದ್ದು. ಕೊಲ್ಲಲು ಆಗದೆ ಒದ್ದಾಡುವ ಫ್ರಿಲೇನ್‌ಗೆ ತನ್ನೊಳಗೆ ಒಂದು ಒಳ್ಳೆಯ ಗುಣ ಎದ್ದಿದೆ ಅನಿಸುವುದಿಲ್ಲ. ನಾಚಿಕೆ ಆಗುತ್ತದೆ. ತನ್ನಲ್ಲೇ ಏನೋ ಕೆಟ್ಟುಹೋಗಿದೆ ಅನಿಸುತ್ತದೆ. ಕೊನೆಗೆ ಆಕೆಗೆ ನಿಜ ಹೇಳಿ, ಮದುವೆಯಾಗೋಣ ಅನ್ನುತ್ತಾನೆ. ಆಕೆ ಅವನನ್ನೇ ಕೊಂದು, ಇನ್ನು ನಾನು ಆ ಕ್ಲಬ್ ಸೇರಬಹುದು ಎಂದು ಖುಷಿಪಡುತ್ತಾಳೆ. (ಇದನ್ನೇ ತಿರುಗಿಸಿ 1965ರಲ್ಲಿ ಇಟಲಿಯವರು ಮಾರ್ಚೆಲ್ಲೊ ಮಸ್ತ್ರೊಯಾನಿಯನ್ನು ಹಾಕಿಕೊಂಡು ಸಿನಿಮಾ ಮಾಡಿದರು. ನೋಡಲು ಮಜವಾಗಿದೆ, ಆದರೆ ಕತೆಯ ಚಳಿ ಅದರಲ್ಲಿಲ್ಲ.)

ನಾನು ಹೇಳಬೇಕು ಅಂದುಕೊಂಡಿರುವುದು ಇಷ್ಟೇ. ಮನುಷ್ಯ ಬೇಟೆ ನಡೆಯಲು ಎಲ್ಲರೂ ಕ್ರೂರಿಗಳಾಗಬೇಕಿಲ್ಲ. ನಾಚಿಕೆ ಪಕ್ಕ ಬದಲಿಸಿದರೆ ಸಾಕು. ಕೊಂದವನಿಗೆ ಆಗಬೇಕಾದ ನಾಚಿಕೆ ಕೊಲ್ಲದವನಿಗೆ ಆಗಬೇಕು. ಉಳಿದದ್ದನ್ನು ‘ನಾಲ್ಕು ಜನ ಏನಂದುಕೊಳ್ತಾರೆ’ ಅನ್ನುವ ಭಯ ನೋಡಿಕೊಳ್ಳುತ್ತದೆ.

ಇದು ಬರೀ ಕತೆಯ ಮಾತಲ್ಲ. 1942ರ ಜುಲೈ 13. ಪೋಲೆಂಡಿನ ಯುಜೆಫುಫ್ ಎಂಬ ಊರು. ಜರ್ಮನಿಯ ಮೀಸಲು ಪೊಲೀಸ್ ಪಡೆಯ 101ನೇ ತುಕಡಿ ಬೆಳಗಿನ ಜಾವ ಬಂದಿಳಿಯಿತು. ಸುಮಾರು 500 ಜನ. ಹೆಚ್ಚಿನವರು ಹ್ಯಾಂಬರ್ಗ್ ನಗರದ ಕೂಲಿಕಾರರು, ಗುಮಾಸ್ತರು. ಮದುವೆಯಾಗಿ ಮಕ್ಕಳಿದ್ದ ನಡುವಯಸ್ಸಿನವರು. ಸೈನ್ಯಕ್ಕೆ ವಯಸ್ಸು ಮೀರಿತ್ತು ಅಂತ ಇಲ್ಲಿಗೆ ಹಾಕಿದ್ದರು. ಊರಿನ ಯಹೂದಿ ಹೆಂಗಸರು, ಮಕ್ಕಳು, ಮುದುಕರನ್ನು ಕಾಡಿಗೆ ಕರೆದೊಯ್ದು ಗುಂಡಿಕ್ಕಬೇಕು ಎಂಬ ಆಜ್ಞೆ ಬಂದಿತ್ತು. ಅದನ್ನು ಹೇಳುವಾಗ ಅವರ ಮೇಜರ್ ಟ್ರಾಪ್‌ನ ಕಣ್ಣಲ್ಲಿ ನೀರಿತ್ತು. ಅವನು ಒಂದು ವಿಚಿತ್ರ ಮಾತನ್ನೂ ಸೇರಿಸಿದ. ವಯಸ್ಸಾದವರಲ್ಲಿ ಯಾರಿಗೆ ಈ ಕೆಲಸ ಆಗುವುದಿಲ್ಲವೋ ಅವರು ಸಾಲಿನಿಂದ ಹೊರಗೆ ಬರಬಹುದು.

ಒಬ್ಬ ಮುಂದೆ ಬಂದ. ಅವನ ಕ್ಯಾಪ್ಟನ್ ಅಲ್ಲೇ ಅವನ ಮೇಲೆ ಹರಿಹಾಯ್ದ. ಮೇಜರ್ ತಡೆದ. ಆಮೇಲೆ ಇನ್ನೂ ಹತ್ತು ಹನ್ನೆರಡು ಜನ ಬಂದರು. ಉಳಿದವರು ಸಾಲಿನಲ್ಲೇ ನಿಂತರು. ಆ ದಿನ ಕಡಿಮೆ ಅಂದರೂ 1500 ಜನರನ್ನು ಕೊಂದರು.

ಒಪ್ಪದಿದ್ದರೆ ಗುಂಡೇಟು ಬೀಳುತ್ತಿತ್ತು ಎಂದು ನಾವೆಲ್ಲ ಅಂದುಕೊಂಡಿರುತ್ತೇವೆ. ಇಲ್ಲಿ ಹಾಗಾಗಲಿಲ್ಲ. ಹೊರಗೆ ಬಂದವರಿಗೆ ದೊಡ್ಡ ಶಿಕ್ಷೆ ಯಾವುದೂ ಆಗಲಿಲ್ಲ. ಹೇಡಿ ಅನ್ನಿಸಿಕೊಂಡರು, ಯಾರಿಗೂ ಬೇಡವಾದ ಕೆಲಸಗಳು ಪಾಲಿಗೆ ಬಂದವು, ಅಷ್ಟೇ. 1960ರ ದಶಕದಲ್ಲಿ ಹ್ಯಾಂಬರ್ಗ್‌ನಲ್ಲಿ ಇವರನ್ನು ವಿಚಾರಣೆ ಮಾಡಿದರು. ಆ ಹೇಳಿಕೆಗಳನ್ನೆಲ್ಲ ಓದಿ ಕ್ರಿಸ್ಟೋಫರ್ ಬ್ರೌನಿಂಗ್ ಎಂಬ ಇತಿಹಾಸಕಾರ 1992ರಲ್ಲಿ ಪುಸ್ತಕ ಬರೆದ. ಯಾಕೆ ಗುಂಡು ಹಾರಿಸಿದೆ ಎಂಬ ಪ್ರಶ್ನೆಗೆ ಒಬ್ಬ ಕೊಟ್ಟ ಉತ್ತರದ ತಾತ್ಪರ್ಯ ಹೀಗಿದೆ: ಹೇಡಿ ಅನ್ನಿಸಿಕೊಳ್ಳಲು ಯಾರಿಗೆ ತಾನೇ ಇಷ್ಟ? ಒಂದೂವರೆ ಸಾವಿರ ಹೆಣ ಒಂದು ಕಡೆ, ಜೊತೆಗಾರರ ಒಂದು ಹೀಯಾಳಿಕೆ ಇನ್ನೊಂದು ಕಡೆ. ತಕ್ಕಡಿ ಹೀಯಾಳಿಕೆಯ ಕಡೆಗೇ ತೂಗಿತು.

ಬೇಟೆ ನಿಜವಾಗಿ ಶುರುವಾದದ್ದು ಆಮೇಲೆ. ಊರುಗಳನ್ನು ಖಾಲಿ ಮಾಡಿದ ಮೇಲೆ ಕೆಲವರು ತಪ್ಪಿಸಿಕೊಂಡು ಕಾಡು ಸೇರಿದ್ದರು. ನೆಲ ತೋಡಿ ಅಡಗಿ ಕೂತಿದ್ದರು. ಅವರನ್ನು ಹುಡುಕಿ ಕೊಲ್ಲಲು ಇದೇ ಪೊಲೀಸರು ಸಣ್ಣ ಸಣ್ಣ ಗುಂಪಾಗಿ ಹೋಗುತ್ತಿದ್ದರು. ಆ ಕೆಲಸಕ್ಕೆ ಅವರೇ ಬಳಸುತ್ತಿದ್ದ ಹೆಸರು ಯೂಡನ್‌ಯಾಗ್ಟ್, ಅಂದರೆ ಯಹೂದಿ ಬೇಟೆ. ಎಷ್ಟೋ ಸಲ ಯಾರು ಬರ್ತೀರಿ ಎಂದು ಕೇಳಿದರೆ ಬೇಕಾದ್ದಕ್ಕಿಂತ ಜಾಸ್ತಿ ಜನ ಕೈ ಎತ್ತುತ್ತಿದ್ದರು. ಮೊದಲ ದಿನ ಊಟ ಸೇರದೆ ಕೂತಿದ್ದವರು ಇವರೇ. ಜರಾಫ್‌ನಂಥ ಒಬ್ಬನೂ ಅಲ್ಲಿ ಬೇಕಾಗಿರಲಿಲ್ಲ.

ನಮ್ಮಲ್ಲಿ? 2018ರ ಜುಲೈ ನೆನಪಿಸಿಕೊಳ್ಳಿ. ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ವಾಟ್ಸಾಪ್ ಸುದ್ದಿ ದೇಶದ ತುಂಬಾ ಹರಿದಾಡುತ್ತಿದ್ದ ಕಾಲ. ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಒಬ್ಬ ಯುವ ಎಂಜಿನಿಯರನ್ನು ಗುಂಪು ಹೊಡೆದು ಕೊಂದಿತು. ಗೆಳೆಯರ ಜೊತೆ ಬಂದಿದ್ದ. ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದೇ ಅನುಮಾನಕ್ಕೆ ಕಾರಣವಾಗಿತ್ತು. ಜಗಳದಿಂದ ತಪ್ಪಿಸಿಕೊಂಡು ಕಾರಿನಲ್ಲಿ ಹೊರಟರೆ, ಸುದ್ದಿ ಅವರಿಗಿಂತ ಮೊದಲೇ ಮೊಬೈಲ್‌ನಲ್ಲಿ ಮುಂದಿನ ಊರು ತಲುಪಿತ್ತು. ಅಲ್ಲಿ ರಸ್ತೆಗೆ ಅಡ್ಡ ಹಾಕಿ ಕಾಯುತ್ತಿದ್ದರು. ಮಲೆನಾಡಿನ ಹಳೆಯ ಬೇಟೆಯಲ್ಲಿ ಒಂದು ಗುಂಪು ಹಳು, ಅಂದರೆ ಪೊದೆಕಾಡು, ನುಗ್ಗಿ ಪ್ರಾಣಿಯನ್ನು ಎಬ್ಬಿಸುವುದು, ಇನ್ನೊಂದು ಗುಂಪು ಬಿಲ್ಲಿನಲ್ಲಿ, ಅಂದರೆ ಅದು ಹಾಯುವ ದಾರಿಯಲ್ಲಿ, ಕಾಯುವುದು ಇತ್ತಲ್ಲ, ಥೇಟ್ ಹಾಗೆಯೇ. ಬಿಡಿಸಲು ಹೋದ ಪೊಲೀಸರಿಗೂ ಪೆಟ್ಟು ಬಿತ್ತು.

ಆ ಗುಂಪಿನಲ್ಲಿ ಒಬ್ಬರಿಗೂ ಸತ್ತವನ ಗುರುತು ಪರಿಚಯ ಇರಲಿಲ್ಲ. ದ್ವೇಷ ಹುಟ್ಟಲು ಸಮಯವೇ ಇರಲಿಲ್ಲ. ಆದರೆ ಅಂಥ ಹೊತ್ತಿನಲ್ಲಿ ‘ತಡೀರಪ್ಪಾ, ಮೊದಲು ವಿಚಾರಿಸೋಣ’ ಅಂದವನ ಕಡೆ ಉಳಿದವರು ಹೇಗೆ ತಿರುಗಿ ನೋಡುತ್ತಾರೆ ಎಂದು ಯೋಚಿಸಿ. ನೀನೂ ಅವರ ಕಡೆಯವನಾ? ಈ ಒಂದು ಪ್ರಶ್ನೆಗೆ ಹೆದರಿ ಎಷ್ಟು ಜನ ಬಾಯಿ ಮುಚ್ಚಿಕೊಂಡಿರುತ್ತಾರೆ! ಇಂಥ ಗುಂಪು ಹುಚ್ಚೆದ್ದಿತ್ತು ಎಂದು ಪತ್ರಿಕೆಗಳು ಬರೆಯುತ್ತವೆ. ನನಗೆ ಹಾಗನ್ನಿಸುವುದಿಲ್ಲ. ಪಕ್ಕದವನ ಮುಖ ನೋಡಿಕೊಂಡು ಅವನಂತೆಯೇ ಮಾಡುವುದಕ್ಕೆ ಹುಚ್ಚು ಬೇಕಾಗಿಲ್ಲ. ಅದನ್ನು ನಾವು ಮದುವೆ ಮನೆಯಲ್ಲಿ, ಆಫೀಸಿನ ಮೀಟಿಂಗ್‌ನಲ್ಲಿ ದಿನಾ ಮಾಡುತ್ತೇವೆ.

ಹಾಗಂತ ಎಲ್ಲ ಕೈಮೀರಿದೆ ಎಂದಲ್ಲ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಸ್ಟ್ಯಾನ್ಲಿ ಮಿಲ್‌ಗ್ರಾಂ 1961ರಲ್ಲಿ ಶುರು ಮಾಡಿದ ಪ್ರಯೋಗವನ್ನು ನೀವು ಕೇಳಿರಬಹುದು. ಪಕ್ಕದ ಕೋಣೆಯಲ್ಲಿ ಕೂತವನು ತಪ್ಪು ಉತ್ತರ ಕೊಟ್ಟರೆ ಶಾಕ್ ಕೊಡಬೇಕು, ಪ್ರತಿ ಸಲ ಜಾಸ್ತಿ ಮಾಡಬೇಕು. ಶಾಕ್ ಸುಳ್ಳು, ಆದರೆ ಕೊಡುವವರಿಗೆ ಅದು ಗೊತ್ತಿಲ್ಲ. 40 ಜನರಲ್ಲಿ 26 ಮಂದಿ ಕೊನೆಯ 450 ವೋಲ್ಟ್‌ವರೆಗೂ ಹೋದರು. ಈ ಪ್ರಯೋಗದ ಬಗ್ಗೆ ಹೇಳುವವರೆಲ್ಲ ಇಷ್ಟಕ್ಕೇ ನಿಲ್ಲಿಸುತ್ತಾರೆ. ಅದೇ ಪ್ರಯೋಗವನ್ನು ಬೇರೆ ಥರವೂ ಮಾಡಿದ್ದರು. ಪಕ್ಕದಲ್ಲಿ ಜೊತೆಗಾರರಾಗಿ ಕೂತ ಇಬ್ಬರು ನಟರು ನಡುವೆ ‘ನಾವು ಮಾಡಲ್ಲ’ ಎಂದು ಎದ್ದುಬಿಡುತ್ತಾರೆ. ಆಗ ಕೊನೆವರೆಗೂ ಹೋದವರು 40ರಲ್ಲಿ ಬರೀ 4. ಆಜ್ಞೆ ಅದೇ, ಅದನ್ನು ಕೊಡುವ ಬೂದು ಕೋಟಿನ ವಿಜ್ಞಾನಿಯೂ ಅದೇ. ಬದಲಾದದ್ದು ಪಕ್ಕದಲ್ಲಿದ್ದವರು ಮಾತ್ರ.

ಯುಜೆಫುಫ್‌ಗೆ ಮರಳಿ ಬಂದರೆ, ಹೊರಗೆ ಉಳಿದವರ ಬಗ್ಗೆ ಬ್ರೌನಿಂಗ್ ಒಂದು ಸೂಕ್ಷ್ಮ ಗುರುತಿಸುತ್ತಾನೆ. ಅವರಲ್ಲಿ ಹೆಚ್ಚಿನವರು ‘ಇದು ತಪ್ಪು, ಅದಕ್ಕೇ ಮಾಡಲ್ಲ’ ಅನ್ನಲಿಲ್ಲ. ‘ನನ್ನ ಕೈಲಿ ಆಗಲ್ಲ, ನಾನು ಅಷ್ಟು ಗಟ್ಟಿ ಇಲ್ಲ’ ಅಂದರು. ಹಾಗಂದರೆ ಜೊತೆಯವರಿಗೆ ಅವಮಾನವಿಲ್ಲ. ಕೊಲ್ಲುವುದು ಗಂಡಸುತನ, ಕೊಲ್ಲಲಾಗದಿರುವುದು ಕೊರತೆ ಎಂಬ ಅವರ ನಂಬಿಕೆಗೆ ಧಕ್ಕೆಯಿಲ್ಲ. ಕೈಗೆ ರಕ್ತ ಅಂಟಿಸಿಕೊಳ್ಳದವರೂ ಗುಂಪಿನ ಮಾತನ್ನೇ ಆಡಬೇಕಾಯಿತು. ಇದನ್ನು ಓದಿದಾಗ ಫ್ರಿಲೇನ್ ಮತ್ತೆ ನೆನಪಾದ.

ಬೇರೆ ಥರ ಮಾತಾಡಿದವನು ಒಬ್ಬನಿದ್ದ. ಹ್ಯಾಂಬರ್ಗ್‌ನಲ್ಲಿ ಮನೆತನದ ಮರದ ವ್ಯಾಪಾರ ನಡೆಸುತ್ತಿದ್ದ ಒಬ್ಬ ಮೀಸಲು ಲೆಫ್ಟಿನೆಂಟ್. ನಿರಾಯುಧ ಹೆಂಗಸರು ಮಕ್ಕಳಿಗೆ ಗುಂಡಿಕ್ಕುವ ಕೆಲಸಕ್ಕೆ ನಾನಿಲ್ಲ, ಬೇರೆ ಏನಾದರೂ ಕೊಡಿ ಎಂದು ಹಿಂದಿನ ರಾತ್ರಿಯೇ ಹೇಳಿದ್ದ. ಕೊಟ್ಟರು. ಮುಂದೆ ಅವನು ಕೇಳಿದಂತೆ ಹ್ಯಾಂಬರ್ಗ್‌ಗೆ ವರ್ಗವೂ ಆಯಿತು. ನಿನ್ನಿಂದ ಅದು ಹೇಗೆ ಸಾಧ್ಯವಾಯಿತು ಎಂಬುದಕ್ಕೆ ಅವನು ಕೊಟ್ಟ ಕಾರಣದಲ್ಲಿ ದೊಡ್ಡ ಆದರ್ಶದ ಮಾತಿರಲಿಲ್ಲ. ತನಗೆ ವಯಸ್ಸಾಗಿತ್ತು, ಊರಿನಲ್ಲಿ ಸ್ವಂತ ವ್ಯಾಪಾರವಿತ್ತು, ಪೊಲೀಸ್ ಇಲಾಖೆಯಲ್ಲಿ ಬಡ್ತಿ ಬೇಕಿರಲಿಲ್ಲ ಅಂದ. ಉಳಿದ ಅಧಿಕಾರಿಗಳು ಹುಡುಗರು, ಅವರಿಗೆ ಅಲ್ಲೇ ಮೇಲೆ ಬರಬೇಕಿತ್ತು. ಅವನು ಲೆಕ್ಕಕ್ಕಿಟ್ಟ ನಾಲ್ಕು ಜನ ಆ ತುಕಡಿಯ ಹೊರಗಿದ್ದರು.