ಬಾಗಿಲು ತೆಗೆಯೋದು ಹೇಗೆ ಸ್ವಾಮಿ?

ಕಾರಿನ ಬಾಗಿಲು ಕೈಯಿಂದ ತೆಗೆಯುವಂತಿರಬೇಕು. ಇಷ್ಟನ್ನು ಹೇಳಲು ಒಂದು ಸರ್ಕಾರ ಕೂತು ನಿಯಮ ಬರೆಯಬೇಕಾಯಿತು. ಚೀನಾದ ಆ ನಿಯಮ ನೀವೂ ಓದಿರುತ್ತೀರಿ. 2027ರ ಜನವರಿ 1ರಿಂದ ಅಲ್ಲಿನ ಹೊಸ ಕಾರುಗಳ ಬಾಗಿಲು ಕರೆಂಟಿಲ್ಲದೆಯೂ ತೆರೆಯಬೇಕು, ಒಳಗಿಂದಲೂ ಹೊರಗಿಂದಲೂ. ಹೊರಗಿನ ಹಿಡಿಗೆ ಕೈ ಹಾಕಲು ಕನಿಷ್ಠ 6 ಸೆಂ.ಮೀ., 2 ಸೆಂ.ಮೀ., 2.5 ಸೆಂ.ಮೀ. ಅಳತೆಯ ಜಾಗ ಬಿಡಬೇಕು. ಬಾಗಿಲು ತೆಗೆಯುವುದು ಹೇಗೆ ಅಂತ ಒಳಗೆ ಗುರುತು ಬೇರೆ ಹಾಕಬೇಕಂತೆ.

ನನಗಂತೂ ಆ ಗುರುತು ಹೊರಗೂ ಬೇಕು. ಮೊನ್ನೆ ಸ್ನೇಹಿತರೊಬ್ಬರ ಹೊಸ ಎಲೆಕ್ಟ್ರಿಕ್ ಕಾರು ಹತ್ತಲು ಹೋದೆ. ಹಿಡಿಯೇ ಕಾಣಲಿಲ್ಲ. ಹಸುವಿನ ಮೈ ಸವರಿದ ಹಾಗೆ ಬಾಗಿಲನ್ನು ಸವರುತ್ತಾ ನಿಂತೆ. ಒಳಗಿನಿಂದ ಅವರು ಏನೋ ಕೈಸನ್ನೆ ಮಾಡುತ್ತಿದ್ದರು. ಆಮೇಲೆ ಗಾಜು ಇಳಿಸಿ "ಒತ್ತ್ರೀ, ಒತ್ತ್ರೀ" ಎಂದರು. ಒತ್ತಿದೆ. ಹಿಡಿ ಹೊರಗೆ ಬಂತು. ಅರೆ ಅಂತ ನೋಡುವಷ್ಟರಲ್ಲಿ ಮತ್ತೆ ಒಳಗೆ ಹೋಯಿತು. "ಹೊಸಬರನ್ನ ಕಂಡ್ರೆ ಹೀಗೇ ಮಾಡುತ್ತೆ" ಎಂದರು, ಸಾಕಿದ ನಾಯಿಯ ಬಗ್ಗೆ ಹೇಳುವಂತೆ.

ಹಿಡಿ ಅಡಗಿಸುವುದು ಯಾಕೆ? ಗಾಳಿಗೋಸ್ಕರ. ಹೊರಗೆ ಚಾಚಿಕೊಂಡಿದ್ದರೆ ಗಾಳಿ ತಡೆಯುತ್ತದಂತೆ, ಬ್ಯಾಟರಿ ಬೇಗ ಮುಗಿಯುತ್ತದಂತೆ. ಒಪ್ಪೋಣ. ಗಾಳಿಯ ತಡೆ ವೇಗದ ವರ್ಗದಂತೆ ಏರುತ್ತದೆ. ವೇಗ ಎರಡು ಪಟ್ಟಾದರೆ ತಡೆ ನಾಲ್ಕು ಪಟ್ಟು. ಹೆದ್ದಾರಿಯಲ್ಲಿ ಲೆಕ್ಕಕ್ಕೆ ಬರುವ ಮಾತು. ಸಿಗ್ನಲ್ಲಿನಿಂದ ಸಿಗ್ನಲ್ಲಿಗೆ ತೆವಳುವ ಕಾರಿಗೆ ಯಾವ ಗಾಳಿ? ಅದಿರಲಿ, ಹಿಡಿ ಅಡಗಿಸಿ ಚಿಟಿಕೆಯಷ್ಟು ಉಳಿಸಿದ ಅದೇ ಮಹನೀಯರು ಕೆಳಗೆ ಗಾಣದ ಕಲ್ಲಿನಂಥ ಚಕ್ರ ಕೂರಿಸುತ್ತಾರೆ. ದೊಡ್ಡ ಚಕ್ರ ಹಾಕಿದರೆ ಅದೇ ಕಾರು ಒಂದು ಚಾರ್ಜಿಗೆ ಓಡುವ ದೂರ ಕಡಿಮೆಯಾಗುತ್ತದೆ. ಚಿತ್ರದಲ್ಲಿ ಚೆನ್ನಾಗಿ ಕಾಣುತ್ತದಲ್ಲ, ಸಾಕು.

ಮೂಗಿಗಿಂತ ಮೂಗುತಿ ಭಾರ ಎನ್ನುತ್ತಾರೆ. ಬಿಎಂಡಬ್ಲ್ಯು ಐಎಕ್ಸ್ ಎಂಬ ಎಲೆಕ್ಟ್ರಿಕ್ ಕಾರು ನೋಡಿದ ಮೇಲೆ ಈ ಗಾದೆ ಸ್ವಲ್ಪ ತಿದ್ದಬೇಕು ಅನಿಸಿತು. ಅಲ್ಲಿ ಮೂಗೇ ಇಲ್ಲ, ಬರೀ ಮೂಗುತಿ. ಕಾರಿನ ಮುಂಭಾಗದ ಜಾಲರಿ, ಅಂದರೆ ಗ್ರಿಲ್, ಇರುವುದು ಎಂಜಿನ್ನಿನ ರೇಡಿಯೇಟರಿಗೆ ಗಾಳಿ ಹೋಗಲಿ ಅಂತ. ಎಂಜಿನ್ ಹೋಯಿತು, ಗ್ರಿಲ್ ಉಳಿಯಿತು. ಉಳಿದದ್ದಷ್ಟೇ ಅಲ್ಲ, ಬೆಳೆಯಿತು! ಕ್ಯಾಮೆರಾ, ಸೆನ್ಸರ್ ಎಲ್ಲ ಅದರ ಹಿಂದೆ ಇವೆ, ನಿಜ. ಸಣ್ಣಪುಟ್ಟ ಗೀರು ಬಿದ್ದರೆ ಆ ಗ್ರಿಲ್ ತಾನಾಗಿ ವಾಸಿಯಾಗುತ್ತದೆ, ಅದೂ ನಿಜ. ಉಸಿರಾಡದ ಮೂಗಿಗೆ ಎಷ್ಟು ಆರೈಕೆ ನೋಡಿ. ಅದೇ ಕಾರಿನ ಬಾನೆಟ್ ಮಾಲೀಕ ತೆಗೆಯುವಂತಿಲ್ಲ. ಗಾಜು ತೊಳೆಯುವ ನೀರು ತುಂಬಬೇಕಾದರೆ ಮುಂದಿನ ಲಾಂಛನವನ್ನು ಒತ್ತಬೇಕು. ಅದು ಮೇಲೇಳುತ್ತದೆ, ಅಡಿಯಲ್ಲಿ ನೀರಿನ ಬಾಯಿ. ಮರ್ಸಿಡಿಸ್ ಇಕ್ಯೂಎಸ್‌ನಲ್ಲೂ ಬಾನೆಟ್ ನಮ್ಮದಲ್ಲ. ಅಲ್ಲಿ ನೀರಿಗೆ ಪಕ್ಕದಲ್ಲೊಂದು ಸಣ್ಣ ಕಿಂಡಿ ಇದೆ. ಕಾರು ನಿಮ್ಮದು, ಕಂತು ನಿಮ್ಮದು, ಬಾನೆಟ್ ಮಾತ್ರ ಅವರದು.

ಚೀನಾದ ಶಿಯೋಮಿ ಕಂಪನಿಯ ಎಸ್‌ಯು7 ಅಲ್ಟ್ರಾ ಕಾರಿನ ಕಥೆ ಇದಕ್ಕಿಂತ ಮಜಾ. ಗಾಳಿ ಹಾಯುವ ಎರಡು ತೂತಿರುವ ಕಾರ್ಬನ್ ಫೈಬರ್ ಬಾನೆಟ್ಟಿಗೆ ಜನ ಹೆಚ್ಚು ದುಡ್ಡು ಕೊಟ್ಟರು. ಬಿಚ್ಚಿ ನೋಡಿದರೆ ಆ ತೂತುಗಳಲ್ಲಿ ಹೆಚ್ಚಿನದು ಅಲಂಕಾರ. 2025ರ ಮೇ ತಿಂಗಳಲ್ಲಿ ಕಂಪನಿ ಕ್ಷಮೆ ಕೇಳಿತು. ದುಡ್ಡು ಕೊಟ್ಟು ತೂತು ಕೊಂಡರೆ ಅದೂ ನಕಲಿ!

ಟೆಸ್ಲಾ ಸೈಬರ್‌ಟ್ರಕ್ ಬಗ್ಗೆ ಹೆಚ್ಚು ಹೇಳಲ್ಲ, ಪಾಪ. 2019ರಲ್ಲಿ ಗಾಜಿನ ಗಟ್ಟಿತನ ತೋರಿಸಲು ವೇದಿಕೆ ಮೇಲೆ ಲೋಹದ ಗುಂಡು ಎಸೆದರು, ಗಾಜು ಬಿರುಕು ಬಿಟ್ಟಿತು. 2025ರ ಮಾರ್ಚ್‌ನಲ್ಲಿ ಸುಮಾರು 46,000 ಗಾಡಿಗಳನ್ನು ವಾಪಸ್ ಕರೆದರು. ಮೈಮೇಲಿನ ಸ್ಟೀಲ್ ಪಟ್ಟಿಯ ಅಂಟು ಬಿಡುತ್ತಿತ್ತು. ನೋಡಲು ಯುದ್ಧದ ಟ್ಯಾಂಕು, ಹಿಡಿದುಕೊಂಡಿದ್ದು ಗೋಂದು.

ಇನ್ನು ಪೋಲ್‌ಸ್ಟಾರ್ 4 ಎಂಬ ಕಾರಿಗೆ ಹಿಂದಿನ ಗಾಜೇ ಇಲ್ಲ. ಚಾವಣಿಯ ಕ್ಯಾಮೆರಾ ನೋಡಿ ಹೇಳುತ್ತದೆ, ಕನ್ನಡಿ ಇದ್ದ ಜಾಗದಲ್ಲಿ ಪರದೆ ತೋರಿಸುತ್ತದೆ. ಸೊಗಸೇ. ಆದರೆ ಕನ್ನಡಿಯೊಳಗಿನ ಲಾರಿ ನಮ್ಮ ಕಣ್ಣಿಗೆ ಲಾರಿಯಷ್ಟೇ ದೂರದಲ್ಲಿರುತ್ತದೆ. ಪರದೆಯೊಳಗಿನ ಲಾರಿ ಇರುವುದು ಮೂಗಿನಿಂದ ಒಂದೆರಡು ಅಡಿಯಲ್ಲಿ. ರಸ್ತೆ ನೋಡುವ ಕಣ್ಣು ಪ್ರತಿ ಸಲ ಹತ್ತಿರಕ್ಕೆ ಹೊಂದಿಕೊಂಡು ಮತ್ತೆ ದೂರಕ್ಕೆ ಹೋಗಬೇಕು. ಚಾಳೀಸು ಬಂದವರಿಗೆ ಈ ಕಷ್ಟ ಗೊತ್ತು. ಇಪ್ಪತ್ತೈದರ ಹರೆಯದ ವಿನ್ಯಾಸಗಾರನಿಗೆ ಗೊತ್ತಿಲ್ಲ. ಅವನಿಗೂ ಚಾಳೀಸು ಬರುತ್ತದೆ, ಕಾಯೋಣ. ಹ್ಯುಂಡೈ ಅಯಾನಿಕ್ 5 ಹಿಂದಿನ ಗಾಜು ಕೊಟ್ಟಿತು, ಒರೆಸಲು ವೈಪರ್ ಕೊಡಲಿಲ್ಲ. ಕೆಲವು ವರ್ಷ ಆದ ಮೇಲೆ ಅದನ್ನೂ ಕೊಟ್ಟಿತು. ಮಳೆ ಬರುತ್ತದೆ ಅಂತ ಯಾರೋ ಹೇಳಿರಬೇಕು.

ಒಟ್ಟಿನಲ್ಲಿ ಎಲೆಕ್ಟ್ರಿಕ್ ಕಾರು ಮಾಡುವ ಇವರಿಗೆ ಖಾಲಿ ಹಾಳೆ ಸಿಕ್ಕಿತ್ತು. ಎಂಜಿನ್ ಇಲ್ಲ, ಸೈಲೆನ್ಸರ್ ಇಲ್ಲ, ಪೆಟ್ರೋಲ್ ಟ್ಯಾಂಕ್ ಇಲ್ಲ. ಹೇಗೆ ಬೇಕಾದರೂ ಬರೆಯಬಹುದಿತ್ತು. ಬೇಕಾದ್ದನ್ನು ಮುಚ್ಚಿಟ್ಟರು, ಬೇಡದ್ದನ್ನು ಬಿಚ್ಚಿಟ್ಟರು.

ನಗು ಇಲ್ಲಿಗೆ ಸಾಕು. ಕಾರನ್ನೇ ಓಡಿಸುವ ದೊಡ್ಡ ಬ್ಯಾಟರಿ ಹೊಟ್ಟೆಯಡಿ ಇದ್ದರೂ, ಬಾಗಿಲ ಬೀಗಕ್ಕೆ ಕರೆಂಟು ಕೊಡುವುದು ಸಾಮಾನ್ಯವಾಗಿ ಪುಟ್ಟ 12 ವೋಲ್ಟಿನ ಬ್ಯಾಟರಿ. ಅದು ಸೋತರೆ ಹೊರಗಿನವರಿಗೆ ಬಾಗಿಲಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ರಸ್ತೆ ಸುರಕ್ಷತಾ ಇಲಾಖೆ 2021ರ ಸುಮಾರು 1,74,000 ಟೆಸ್ಲಾ ಮಾಡೆಲ್ ವೈ ಕಾರುಗಳ ತನಿಖೆ ಶುರು ಮಾಡಿದ್ದು ಇದಕ್ಕೇ. ಮಕ್ಕಳು ಒಳಗೆ, ಅಪ್ಪ ಅಮ್ಮ ಹೊರಗೆ. ನಾಲ್ಕು ಪ್ರಕರಣಗಳಲ್ಲಿ ಗಾಜು ಒಡೆಯಬೇಕಾಯಿತು. ಒಳಗಿಂದ ತೆಗೆಯಲು ತಂತಿ ಇದೆ ಎನ್ನುತ್ತಾರೆ. ಆ ಕಾರಿನ ಹಿಂದಿನ ಸೀಟಿನವರು ಬಾಗಿಲ ಜೇಬಿನ ತಳದ ಮ್ಯಾಟ್ ಎತ್ತಿ, ಮುಚ್ಚಳ ತೆಗೆದು, ತಂತಿ ಎಳೆಯಬೇಕು. ಎಲ್ಲ ಕಾರುಗಳಲ್ಲಿ ಅದೂ ಇಲ್ಲ. ಬೇಬಿ ಸೀಟಿಗೆ ಕಟ್ಟಿ ಕೂರಿಸಿದ ಕೂಸು ಇದನ್ನೆಲ್ಲ ಮಾಡಬೇಕೇ?

ಅದೇ ವರ್ಷ ಅಕ್ಟೋಬರ್‌ನಲ್ಲಿ ಚೀನಾದ ಚೆಂಗ್ಡುವಿನಲ್ಲಿ ಅಪಘಾತವಾಗಿ ಕಾರೊಂದಕ್ಕೆ ಬೆಂಕಿ ಹತ್ತಿತು. ದಾರಿಹೋಕರು ಓಡಿ ಬಂದರು. ಗುದ್ದಿದರು, ಒದ್ದರು. ಬಾಗಿಲು ತೆರೆಯಲಿಲ್ಲ. ಒಳಗಿದ್ದ ಚಾಲಕ ಉಳಿಯಲಿಲ್ಲ. ಎಳೆಯಲು ಒಂದು ಹಿಡಿ ಬೇಕು ಎಂಬುದು ತಿಳಿಯಲು ಇದೆಲ್ಲ ಆಗಬೇಕಿತ್ತೇ? ಥೂ.

ಈಗಾಗಲೇ ಒಪ್ಪಿಗೆ ಪಡೆದ ಮಾದರಿಗಳಿಗೆ ಬದಲಾಯಿಸಿಕೊಳ್ಳಲು 2029ರವರೆಗೆ ಸಮಯ ಇದೆಯಂತೆ. ಅಲ್ಲಿಯವರೆಗೆ ಸವರುತ್ತಿರೋಣ. ಸುಮ್ನೆ ಇರಲಾರದೆ ಸ್ಕೇಲು ತಂದು ಆ 6 ಸೆಂ.ಮೀ. ಗುರುತು ಹಾಕಿ ನನ್ನ ಕೈ ಇಟ್ಟು ನೋಡಿದೆ. ಮೂರು ಬೆರಳು ಆರಾಮಾಗಿ ಹಿಡಿಸುತ್ತವೆ. ಕಿರುಬೆರಳು ಹೊರಗೆ ಕಾಯಬೇಕು.