ಬೆಕ್ಕಿಗೆ ಸಕ್ಕರೆ ಕಾಯಿಲೆ, ಮನೆಮಂದಿಗೆಲ್ಲ ಪಥ್ಯ

ಮಲೆನಾಡಿನ ಮನೆಯಲ್ಲಿ ಬೆಕ್ಕಿಗೆ ಇನ್ಸುಲಿನ್ ಚುಚ್ಚುವುದು ಕಷ್ಟವಲ್ಲ, ಅಜ್ಜಿಯನ್ನು ಕಾಯುವುದು ಕಷ್ಟ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುವುದು ಬರೀ ಗಾದೆ. ಅಜ್ಜಿ ಎಲ್ಲರ ಕಣ್ಣು ತಪ್ಪಿಸಿ ಹಾಲು-ಅನ್ನ ಕಲಸಿ ಹಾಕುವುದು ದಿನನಿತ್ಯದ ಸಂಗತಿ. "ಪಾಪ, ಬಾಯಿಲ್ಲದ ಪ್ರಾಣಿ. ಒಂದು ತುತ್ತಿಗೆ ಎಂತ ಆಗ್ತದೆ?"

ಆಗ್ತದೆ. ಬೆಕ್ಕು ಹುಟ್ಟಾ ಮಾಂಸಾಹಾರಿ, ಅನ್ನ ಅದಕ್ಕೆ ಬರೀ ಸಕ್ಕರೆಯ ದಾರಿ. ಮೇಲಾಗಿ ಹೊಟ್ಟೆ ತುಂಬಿದ ಬೆಕ್ಕು ಸೂಜಿಯ ಹೊತ್ತಿಗೆ ತಟ್ಟೆ ಮೂಸಿ ಅಟ್ಟ ಹತ್ತುತ್ತದೆ. ಉಣ್ಣದ ಬೆಕ್ಕಿಗೆ ಡಾಕ್ಟರನ್ನು ಕೇಳದೆ ಪೂರ್ತಿ ಡೋಸ್ ಕೊಡುವಂತಿಲ್ಲ.

ಕಾಯಿಲೆ ಮೊದಲು ತಿಳಿಯುವುದು ಬಚ್ಚಲಲ್ಲಿ. ಬೆಕ್ಕು ಹೊತ್ತಲ್ಲದ ಹೊತ್ತಲ್ಲಿ ಬಕೆಟ್ಟಿಗೆ ಮುಖ ಹಾಕುತ್ತದೆ, ಒಲೆಯ ಬೂದಿ ಬೆಳಗಾಗುವಷ್ಟರಲ್ಲಿ ಒದ್ದೆ ಉಂಡೆಯಾಗಿರುತ್ತದೆ. ಎರಡಾಳಿನ ಊಟ ಹೊಡೆದರೂ ಬೆನ್ನುಮೂಳೆ ಕೈಗೆ ಸಿಗುತ್ತದೆ. ಬಿಟ್ಟರೆ ಹಿಂಗಾಲಿನ ನರ ಸೋತು, ಹಿಮ್ಮಡಿ ನೆಲಕ್ಕೂರಿ ನಡೆಯುತ್ತದೆ.

ಇನ್ಸುಲಿನ್ ಸಾಮಾನ್ಯವಾಗಿ ಶುರುವಾಗುವುದು 12 ಗಂಟೆಗೊಮ್ಮೆ 1 ಯುನಿಟ್ಟಿನ ಆಸುಪಾಸಿನಲ್ಲಿ. ಎಡವಟ್ಟು ಕಾದಿರುವುದು ಮೆಡಿಕಲ್ ಶಾಪಿನಲ್ಲಿ. ನಮ್ಮಲ್ಲಿ ಇನ್ಸುಲಿನ್ ಒಂದು ಎಂ.ಎಲ್.ಗೆ 40 ಯುನಿಟ್ಟಿನದೂ ಇದೆ, 100 ಯುನಿಟ್ಟಿನದೂ ಇದೆ. ಸಿರಿಂಜೂ ಹಾಗೆಯೇ: ಕೆಂಪು ಮುಚ್ಚಳದ್ದು 40ಕ್ಕೆ, ಕಿತ್ತಳೆ ಮುಚ್ಚಳದ್ದು 100ಕ್ಕೆ. 100ರ ಔಷಧಿಯನ್ನು ಕೆಂಪು ಮುಚ್ಚಳದ ಸಿರಿಂಜಿನಲ್ಲಿ 1ರ ಗೆರೆಗೆ ಎಳೆದರೆ ಬೆಕ್ಕಿಗೆ ಹೋಗುವುದು ಎರಡೂವರೆ ಯುನಿಟ್. "ಎರಡೂ ಒಂದೇ ಸಾರ್" ಎಂದು ಯಾರಾದರೂ ಕೊಟ್ಟರೆ ವಾಪಸ್ ಕೊಟ್ಟು ಬನ್ನಿ.

ಬೆಕ್ಕು ತಟ್ಟೆಯಲ್ಲಿ ಮುಳುಗಿರುವಾಗಲೇ ಪಕ್ಕೆಯ ಚರ್ಮವನ್ನು ಎರಡು ಬೆರಳಲ್ಲಿ ಗುಡಾರದಂತೆ ಎತ್ತಿ, ಅದರ ಬುಡಕ್ಕೆ ಸೂಜಿ ತೂರಿಸಿ ಒತ್ತಬೇಕು. ತುದಿಗೆ ಚುಚ್ಚಿದರೆ ಸೂಜಿ ಈ ಕಡೆ ಹೊಕ್ಕು ಆ ಕಡೆ ಇಣುಕುತ್ತದೆ, ಔಷಧಿಯೆಲ್ಲ ರೋಮಕ್ಕೆ. ರೋಮ ಒದ್ದೆಯಾಗಿ ಆಸ್ಪತ್ರೆಯ ವಾಸನೆ ಹೊಡೆಯುತ್ತದೆ. ಆಗ ಇನ್ನೊಮ್ಮೆ ಚುಚ್ಚಬೇಡಿ. ಒಳಗೆ ಎಷ್ಟು ಹೋಗಿದೆಯೋ ಬಲ್ಲವರಿಲ್ಲ. ಒಂದು ಡೋಸ್ ತಪ್ಪಿದರೆ ಸಕ್ಕರೆ ಏರೀತು ಅಷ್ಟೇ, ಎರಡು ಬಿದ್ದರೆ ಜೀವಕ್ಕೇ ಸಂಚಕಾರ. ಬೆಳಿಗ್ಗೆ ಅಮ್ಮ ಚುಚ್ಚಿದ್ದನ್ನು ಮರೆತು ಅಪ್ಪ ಮತ್ತೆ ಚುಚ್ಚುವುದೂ ಇದೇ ಜಾತಿಯ ಅನಾಹುತ. ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕವೇ ಒಂದು ಟಿಕ್ ಹಾಕಿ.

ಬೆಕ್ಕು ತೂರಾಡಿದರೆ, ಮಂಕಾಗಿ ನಡುಗಿದರೆ ಸಕ್ಕರೆ ಇಳಿದಿರಬಹುದು. ನಮ್ಮ ಕಡೆ ಜೇನುತುಪ್ಪಕ್ಕೇನು ಬರವೇ? ಬೆರಳಲ್ಲಿ ತೆಗೆದು ಒಸಡಿಗೆ ಸವರಿ, ಡಾಕ್ಟರಿಗೆ ಫೋನ್ ಮಾಡಿ. ಪ್ರಜ್ಞೆ ತಪ್ಪಿದಾಗ ಬಾಯಿಗೆ ಸುರಿಯಬೇಡಿ, ಉಸಿರುಗಟ್ಟುತ್ತದೆ.

ತೀರ್ಥಹಳ್ಳಿಯಿಂದ ಚೀಲದಲ್ಲಿ ಕೂತು ಶಿವಮೊಗ್ಗದವರೆಗೆ ಬಸ್ಸಿನಲ್ಲಿ ಕೂಗಿಕೊಂಡೇ ಬಂದ ಬೆಕ್ಕಿನ ಸಕ್ಕರೆ ಗಾಬರಿಗೇ ಏರಿರುತ್ತದೆ. ಅದಕ್ಕೇ ಮನೆಯಲ್ಲೇ ನೋಡುವುದು ಲೇಸು. ಕಿವಿಯಂಚನ್ನು ಬಿಸಿಬಟ್ಟೆಯಲ್ಲಿ ಬೆಚ್ಚಗೆ ಮಾಡಿ, ಹಿಂದೆ ಹತ್ತಿ ಒತ್ತಿಟ್ಟು ಚುಚ್ಚಿ. ಹತ್ತಿ ಇಲ್ಲದಿದ್ದರೆ ಗ್ಲೂಕೋಮೀಟರ್ ನಿಮ್ಮ ಬೆರಳಿನ ಸಕ್ಕರೆ ತೋರಿಸುತ್ತದೆ.

ಆಷಾಢದ ಮಳೆಗೆ ಮೂರು ದಿನ ಕರೆಂಟ್ ಹೋದರೆ ಇನ್ಸುಲಿನ್ ಕೆಟ್ಟೀತೆಂದು ಬಾವಿಗೆ ಇಳಿಬಿಡುವವರುಂಟು. ಬೇಡ ಮಾರಾಯ್ರೆ. ಗ್ಲಾರ್ಜಿನ್ ಎಂಬ ಬಗೆಯ ಇನ್ಸುಲಿನ್ನಿನ ತೆರೆದ ಬಾಟ್ಲಿ 30 ಡಿಗ್ರಿಯೊಳಗೆ 28 ದಿನ ತಡೆಯುತ್ತದೆ, ನಮ್ಮ ಮಳೆಗಾಲದಲ್ಲಿ ಅಷ್ಟು ಸೆಕೆ ಎಲ್ಲಿ? ಕೆಡುವುದು ಕರೆಂಟ್ ಇದ್ದಾಗ, ಫ್ರೀಜರಿಗೆ ತಾಗಿ ಗಡ್ಡೆಕಟ್ಟಿದರೆ. ಕರಗಿಸಿದರೂ ಅದು ಮತ್ತೆ ಉಪಯೋಗಕ್ಕಿಲ್ಲ.

ಅನ್ನ ಬಿಡಿಸಿ ಮಾಂಸದ ಊಟಕ್ಕೆ ತರುವಾಗ ಡಾಕ್ಟರಿಗೆ ಹೇಳಿಯೇ ನಿಧಾನ ಬದಲಿಸಿ. ಊಟ ಬದಲಾದರೆ ಹಳೇ ಡೋಸ್ ಹೆಚ್ಚಾದೀತು. ಬೇಗ ಹತೋಟಿಗೆ ಬಂದ ಕೆಲವು ಬೆಕ್ಕುಗಳಿಗೆ ತಿಂಗಳುಗಳ ಮೇಲೆ ಇನ್ಸುಲಿನ್ನೇ ಬೇಡವಾಗುತ್ತದೆ. ಆ ಸುದ್ದಿ ಕೇಳಿದ ಸಂಜೆ ಅಜ್ಜಿ ಹಾಲಿನ ಲೋಟ ಹಿಡಿದು ಹಿತ್ತಿಲ ಬಾಗಿಲಲ್ಲಿ ನಿಂತಿರುತ್ತಾರೆ. ಲೋಟ ಇಸಿದುಕೊಳ್ಳಿ.